ಪೆಟ್ಟಿಗೆಯಲ್ಲಿ ಮಡಚಿಟ್ಟ ಕಾಗದ



ಕಳೆದ ಹುಣ್ಣಿಮೆಯ ಶಿವಾನುಭವ ಗೋಷ್ಠಿಯಲ್ಲಿ ಪೂಜ್ಯ ಅಪ್ಪಗಳ ಅಪ್ಪಣೆಯ ಮೇರೆಗೆ ನಾವು ಒಂದು ರೋಗದ ವಿಷಯವಾಗಿ ನಾಲ್ಕು ಮಾತು ಆಡಿದೆವು. ಅದು ರಾಶಿಯ ಕಾಲವಾದುದರಿಂದ ಔರಾದ ಶಹಾಜನಿಯ ಸುತ್ತಲಿನ ಹಳ್ಳಿಗಳವರು, ನಿಲಂಗಾ, ಉದಗೀರ, ಉಮರ್ಗಾ ಕಡೆಯವರು ಬಹಳ ಮಂದಿ ಬರಲಾಗಲಿಲ್ಲ. ಆ ಮಾತುಗಳನ್ನು ಬರೆದು ಪತ್ರಿಕೆಯ ಮೂಲಕ ಮನೆ ಮನೆಗೆ ಮುಟ್ಟಿಸಬೇಕೆಂದು ಅಪ್ಪಗಳು ಹೇಳಿದರು. ಮಠದ ಪತ್ರಿಕೆಯಲ್ಲಿ ಆಸ್ಪತ್ರೆಯ ಮಾತೇಕೆ ಎಂದು ಯಾರಾದರೂ ಕೇಳಬಹುದು. ದಯವಿಟ್ಟು ಕೊನೆಯವರೆಗೆ ಓದಬೇಕೆಂದು ಅವರಲ್ಲಿ ಬಿನ್ನಹ.

ನಾವು ಬಿ.ಕಾಂ. ಓದಿದವರು. ಮಠದ ಲೆಕ್ಕಪತ್ರದ ಜೊತೆಗೆ ಭಕ್ತರ ಮನೆಯ ಲೆಕ್ಕ ಬಿಡಿಸಿಕೊಡುವ ಕೆಲಸವೂ ಆಗಾಗ ನಮ್ಮ ಪಾಲಿಗೆ ಬರುತ್ತದೆ. 2023ರಲ್ಲಿ ನಮ್ಮ ಹಿರಿಯ ಭಕ್ತರೊಬ್ಬರು ಲಿಂಗೈಕ್ಯರಾದರು. ತೊಗರಿ, ಕಡಲೆಯ ಅಡತಿ ವ್ಯಾಪಾರ ಮಾಡಿಕೊಂಡಿದ್ದ ಸಜ್ಜನರು. ಹೆಸರು ಹೇಳುವುದು ಬೇಡ. ತಿಂಗಳು ಕಳೆದ ಮೇಲೆ ಅವರ ಮಗ ಕಿರ್ದಿ, ಖಾತೆ ಪುಸ್ತಕಗಳನ್ನು ಗಂಟು ಕಟ್ಟಿಕೊಂಡು ಬಂದು, ಯಾರಿಂದ ಬರುವುದೆಷ್ಟು, ಯಾರಿಗೆ ಕೊಡುವುದೆಷ್ಟು ಎಂದು ನೋಡಿಕೊಡಿರೆಂದು ಕೇಳಿದರು. ಒಂದು ಹಳೆಯ ಖಾತೆ ಪುಸ್ತಕದ ರಟ್ಟಿನ ಒಳಗಿನಿಂದ ನಾಲ್ಕು ಮಡಿಕೆ ಮಡಚಿಟ್ಟ ಒಂದು ಕಾಗದ ಬಿತ್ತು. ಅದು ರಕ್ತ ಪರೀಕ್ಷೆಯ ಕಾಗದ. 2009ನೆಯ ಇಸವಿಯದು. ರಕ್ತದಲ್ಲಿ ಹೆಪಟೈಟಿಸ್ ಸಿ ಎಂಬ ರೋಗದ ಗುರುತು ಕಂಡಿದೆ ಎಂದು ಅದರಲ್ಲಿತ್ತು.

ಆ ವರ್ಷ ನಮ್ಮ ಮಠದ ಜಾತ್ರೆಯಲ್ಲಿ ರಕ್ತದಾನದ ಶಿಬಿರ ನಡೆದಿತ್ತು. ದಾನಿಗಳ ಹೆಸರು ಬರೆದುಕೊಳ್ಳುವ ಮೇಜಿನ ಹಿಂದೆ ಕುಳಿತವರು ನಾವೇ. ಆ ಹಿರಿಯರು ಅಂದು ರಕ್ತ ಕೊಟ್ಟಿದ್ದರು. ಶಿಬಿರದಲ್ಲಿ ಎಷ್ಟು ಬಾಟಲಿ ರಕ್ತ ಸಂಗ್ರಹವಾಯಿತೆಂದು ನಾವು ವರದಿ ಬರೆದೆವು, ಫೋಟೋ ತೆಗೆಸಿದೆವು. ಆಮೇಲೆ ಯಾರಿಗೆ ಏನು ಕಾಗದ ಬಂತು, ಅದನ್ನು ಹಿಡಿದುಕೊಂಡು ಅವರು ಎಲ್ಲಿಗೆ ಹೋದರು ಎಂದು ನಾವು ಯಾರೂ ಕೇಳಲಿಲ್ಲ.

ಮನೆಯವರನ್ನು ವಿಚಾರಿಸಿದಾಗ ಉಳಿದ ಸಂಗತಿ ತಿಳಿಯಿತು. ಅವರು ಆ ಕಾಗದ ಹಿಡಿದು ಒಂದು ದೊಡ್ಡ ಪಟ್ಟಣಕ್ಕೆ ಹೋಗಿ ಬಂದಿದ್ದರಂತೆ. ವಾರಕ್ಕೊಂದು ಸೂಜಿ, ಜೊತೆಗೆ ಮಾತ್ರೆ, ಆರು ತಿಂಗಳಿಂದ ಒಂದು ವರ್ಷದವರೆಗೆ. ಖರ್ಚು ಲಕ್ಷಗಳ ಲೆಕ್ಕದಲ್ಲಿ. ಅಷ್ಟು ಮಾಡಿದರೂ ವಾಸಿಯಾಗುವ ಖಾತರಿ ಇಲ್ಲ ಎಂದು ಅಲ್ಲಿ ಹೇಳಿದರಂತೆ. ಮಗಳ ಮದುವೆ ಎದುರಿಗಿತ್ತು. ಅವರು ಕಾಗದ ಮಡಚಿ ಖಾತೆ ಪುಸ್ತಕದಲ್ಲಿಟ್ಟರು. ಅಂದಿನಿಂದ ದಾಸೋಹದ ಪಂಕ್ತಿಯಲ್ಲಿ ಕುಳಿತುಕೊಳ್ಳುವುದನ್ನು ಬಿಟ್ಟರು. ದೂರ ನಿಂತು ಕೈಮುಗಿದು ಹೋಗುತ್ತಿದ್ದರು. ವ್ಯಾಪಾರ ಹೆಚ್ಚಿತು, ದೊಡ್ಡಸ್ತಿಕೆ ಬಂತು ಎಂದು ನಾವು ತಿಳಿದುಕೊಂಡೆವು. ಕೊನೆಯ ವರ್ಷಗಳಲ್ಲಿ ಹೊಟ್ಟೆ ಉಬ್ಬಿತು, ಕಾಲು ಬಾತವು. ಜೀವಮಾನದಲ್ಲಿ ಹನಿ ಮದ್ಯ ಮುಟ್ಟದ ಮನುಷ್ಯನನ್ನು ಕದ್ದು ಕುಡಿಯುತ್ತಾರೆಂದು ಊರವರು ಆಡಿಕೊಂಡರು. ಒಂದು ರಾತ್ರಿ ರಕ್ತ ವಾಂತಿಯಾಗಿ, ಆಸ್ಪತ್ರೆಯ ದಾರಿಯಲ್ಲಿಯೇ ಪ್ರಾಣ ಹೋಯಿತು.

ಇದೇ ರೋಗಕ್ಕೆ ಸರ್ಕಾರದ ಪುಕ್ಕಟೆ ಔಷಧದ ಯೋಜನೆ 2018ರಲ್ಲಿಯೇ ಆರಂಭವಾಗಿತ್ತು. ಅವರು ತೀರಿಕೊಂಡದ್ದು 2023ರಲ್ಲಿ. ನಡುವಿನ ಐದು ವರ್ಷದ ಲೆಕ್ಕ ನಮ್ಮ ಮುಂದೆ ಹಾಗೆಯೇ ಬಿದ್ದಿದೆ. ಔಷಧ ಸಿಕ್ಕಿದ್ದರೆ ಉಳಿಯುತ್ತಿದ್ದರು ಎಂದು ಹೇಳುವ ಅಧಿಕಾರ ನಮಗಿಲ್ಲ. ಆದರೆ ಔಷಧ ಬಂದಿದೆ ಎಂಬ ಒಂದು ಮಾತನ್ನು ಅವರ ಕಿವಿಗೆ ಹಾಕುವವರು ಯಾರೂ ಇರಲಿಲ್ಲ. ಕಾಗದ ಬರಲು ಕಾರಣವಾದ ಶಿಬಿರ ನಮ್ಮದು. ಆದುದರಿಂದ ಈ ಬಾಕಿ ನಮ್ಮ ಖಾತೆಯದು ಎಂದು ಒಪ್ಪಿಕೊಂಡು ಮುಂದಿನ ಮಾತು ಬರೆಯುತ್ತಿದ್ದೇವೆ.

ರೋಗದ ಸ್ವರೂಪ

ನಮ್ಮ ಕಡೆ ಕಣ್ಣು ಹಳದಿಯಾದರೆ ಕಾಮಣಿ ಎನ್ನುತ್ತೇವೆ. ಮರಾಠಿಯವರು ಕಾವೀಳ ಎನ್ನುತ್ತಾರೆ. ಕಾಮಣಿಗೆ ಕಾರಣ ಹಲವು. ಕೆಟ್ಟ ನೀರು, ಹೊಲಸು ಆಹಾರದಿಂದ ಬರುವ ಎ ಮತ್ತು ಇ ಎಂಬ ಬಗೆಗಳು ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾವಾಗಿಯೇ ವಾಸಿಯಾಗುತ್ತವೆ. ಈ ಕಾರಣದಿಂದಲೇ ಸೊಪ್ಪಿನ ರಸ ಕೊಡುವವರಿಗೆ, ತಲೆಗೆ ಎಣ್ಣೆ ಹಾಕಿ ಮಂತ್ರಿಸುವವರಿಗೆ ಹೆಸರು ಬಂದಿದೆ. ತಾನಾಗಿ ಹೋಗುವ ರೋಗ ಅವರ ಕೈಯಿಂದ ಹೋಯಿತೆಂದು ಜನ ನಂಬುತ್ತಾರೆ. ಹೆಪಟೈಟಿಸ್ ಸಿ ಬೇರೆಯೇ ಜಾತಿಯದು. ಅದು ರಕ್ತದಿಂದ ರಕ್ತಕ್ಕೆ ಹೋಗುತ್ತದೆ. ಬಹಳ ಜನರಲ್ಲಿ ಕಾಮಣಿಯನ್ನೇ ತೋರಿಸದೆ ಯಕೃತ್ತಿನಲ್ಲಿ, ಅಂದರೆ ಲಿವರಿನಲ್ಲಿ, ಸೇರಿ ಕೂಡುತ್ತದೆ.

ಈ ವೈರಾಣು ಹೊಕ್ಕ ನೂರು ಜನರಲ್ಲಿ ಸುಮಾರು 30 ಜನರ ಮೈ ಆರು ತಿಂಗಳೊಳಗೆ ಅದನ್ನು ತಾನಾಗಿಯೇ ಹೊರಹಾಕುತ್ತದೆ. ಉಳಿದ 70 ಜನರಲ್ಲಿ ಅದು ಮನೆ ಮಾಡಿಕೊಳ್ಳುತ್ತದೆ. ಅಂಥವರಲ್ಲಿ 20 ವರ್ಷದೊಳಗೆ ಯಕೃತ್ತು ಗಂಟುಗಟ್ಟಿ ಗಡಸಾಗುವ ಸಂಭವ ನೂರಕ್ಕೆ 15ರಿಂದ 30. ಅದಕ್ಕೆ ಸಿರೋಸಿಸ್ ಎನ್ನುತ್ತಾರೆ. ಆಮೇಲೆ ಹೊಟ್ಟೆಯಲ್ಲಿ ನೀರು, ರಕ್ತ ವಾಂತಿ, ಕೆಲವರಿಗೆ ಯಕೃತ್ತಿನ ಕ್ಯಾನ್ಸರ್. ಈ 20 ವರ್ಷ ಮನುಷ್ಯ ಹೊಲಕ್ಕೆ ಹೋಗುತ್ತಾನೆ, ಅಂಗಡಿ ನಡೆಸುತ್ತಾನೆ, ಮಕ್ಕಳ ಮದುವೆ ಮಾಡುತ್ತಾನೆ. ಸ್ವಲ್ಪ ದಣಿವು ಬಿಟ್ಟರೆ ಏನೂ ತಿಳಿಯುವುದಿಲ್ಲ. ನೋವಿಲ್ಲವೆಂದು ರೋಗವಿಲ್ಲ ಎಂದು ತಿಳಿಯುವುದು ಇಲ್ಲಿ ದೊಡ್ಡ ಮೋಸ. ವ್ಯಾಪಾರಿಗಳಿಗೆ ಹೇಳುವುದಾದರೆ, ನೋಟೀಸು ಬರಲಿಲ್ಲವೆಂದು ಬಡ್ಡಿ ಬೆಳೆಯುವುದು ನಿಂತಿರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 55 ಲಕ್ಷ ಜನರಿಗೆ ಈ ರೋಗವಿತ್ತು. ಆ ಲೆಕ್ಕದಲ್ಲಿ ನಮ್ಮ ಗಡಿ ಭಾಗದವರು ಇಲ್ಲವೆಂದು ತಿಳಿಯಲು ಕಾರಣವಿಲ್ಲ. ನಾವು ಚಿಕ್ಕವರಿದ್ದಾಗ ಜ್ವರ ಬಂದರೆ ಸೂಜಿ ಮಾಡಿಸದೆ ಮನೆಗೆ ಬಂದರೆ ಡಾಕ್ಟರು ಸರಿಯಿಲ್ಲ ಎನ್ನುತ್ತಿದ್ದರು. ಗಾಜಿನ ಒಂದೇ ಸಿರಿಂಜು, ಬಿಸಿನೀರಿನಲ್ಲಿ ಅದ್ದಿ ತೆಗೆದು ಸಾಲಾಗಿ ಹತ್ತು ಜನಕ್ಕೆ. ಸರಿಯಾಗಿ ಕುದಿಸದ ಅಂಥ ಸೂಜಿಗಳು ಈ ರೋಗವನ್ನು ಜಗತ್ತಿನಲ್ಲಿ ಎಷ್ಟು ಹರಡಿದವು ಎಂಬುದಕ್ಕೆ ಈಜಿಪ್ಟ್ ದೇಶವೇ ಸಾಕ್ಷಿ. ಅಲ್ಲಿ 1950ರ ದಶಕದಿಂದ 1980ರ ದಶಕದವರೆಗೆ ಹೊಲದ ಕಾಲುವೆಯ ನೀರಿನಿಂದ ಬರುವ ಹುಳುವಿನ ರೋಗಕ್ಕೆಂದು ರೈತರಿಗೆಲ್ಲ ಸರ್ಕಾರವೇ ಸೂಜಿ ಹಾಕಿಸಿತು. ಒಳ್ಳೆಯ ಉದ್ದೇಶದ ಆ ಸೂಜಿಗಳಿಂದಲೇ ಲಕ್ಷಾಂತರ ಜನರಿಗೆ ಹೆಪಟೈಟಿಸ್ ಸಿ ಹತ್ತಿತು.

ಇನ್ನೊಂದು ದಾರಿ ರಕ್ತ ಏರಿಸುವುದು. ಈ ವೈರಾಣುವನ್ನು ವಿಜ್ಞಾನಿಗಳು ಗುರುತಿಸಿದ್ದೇ 1989ರಲ್ಲಿ. ನಮ್ಮ ದೇಶದ ರಕ್ತನಿಧಿಗಳಲ್ಲಿ ಇದರ ಪರೀಕ್ಷೆ ಕಡ್ಡಾಯವಾದದ್ದು 2001ರಲ್ಲಿ. ಅದಕ್ಕೆ ಮೊದಲು ರಕ್ತ ಏರಿಸಿಕೊಂಡವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. 30 ಸೆಪ್ಟೆಂಬರ್ 1993ರ ನಸುಕಿನಲ್ಲಿ, ಗಣಪತಿ ಕಳಿಸಿ ಬಂದು ಮಲಗಿದ ಜನರ ಮೇಲೆ ಕಿಲ್ಲಾರಿ, ಸಾಸ್ತೂರು ಭಾಗದ ಕಲ್ಲು ಮಣ್ಣಿನ ಮನೆಗಳು ಕುಸಿದು ಬಿದ್ದದ್ದನ್ನು ಹಿರಿಯರು ಮರೆತಿಲ್ಲ. ನಾವು ಆಗ ಶಾಲೆಯ ಹುಡುಗರು. ಕಲ್ಲಿನ ಕೆಳಗಿನಿಂದ ಎಳೆದು ತೆಗೆದ ಗಾಯಾಳುಗಳು ಆಸ್ಪತ್ರೆ ತುಂಬಿದ್ದರು. ರಕ್ತ ಬೇಕಾದವರಿಗೆ ರಕ್ತ ಕೊಟ್ಟು ಅಂದು ಉಳಿಸಿದವರು ಪುಣ್ಯವಂತರೇ. ಭೂಕಂಪದ ರಕ್ತದಿಂದ ರೋಗ ಬಂದಿದೆ ಎಂದು ನಾವು ಹೇಳುತ್ತಿಲ್ಲ, ಯಾರೂ ಹಾಗೆ ಅರ್ಥ ಮಾಡಿಕೊಳ್ಳಬಾರದು. 2001ಕ್ಕೆ ಮೊದಲು ಯಾವ ಕಾರಣಕ್ಕಾಗಲಿ, ಹೆರಿಗೆಗಾಗಲಿ, ಶಸ್ತ್ರಕ್ರಿಯೆಗಾಗಲಿ, ಅಪಘಾತಕ್ಕಾಗಲಿ, ರಕ್ತ ಏರಿಸಿಕೊಂಡವರು ಒಂದು ಸಲ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು ಎಂದಷ್ಟೇ ನಮ್ಮ ಮಾತು.

ಒಬ್ಬರ ಕ್ಷೌರದ ಬ್ಲೇಡು ಇನ್ನೊಬ್ಬರಿಗೆ, ಜಾತ್ರೆಯಲ್ಲಿ ಒಂದೇ ಸೂಜಿಯಿಂದ ಹಾಕುವ ಹಚ್ಚೆ, ಸರಿಯಾಗಿ ಶುದ್ಧಿ ಮಾಡದ ಹಲ್ಲಿನ ಉಪಕರಣ, ಇವೂ ದಾರಿಗಳು. ತಾಯಿಯಿಂದ ಕೂಸಿಗೆ ಹೋಗುವ ಸಂಭವ ನೂರಕ್ಕೆ ಐದಾರು. ಬಿ ಬಗೆಗೆ ಲಸಿಕೆ ಇದೆ, ಸಿ ಬಗೆಗೆ ಇನ್ನೂ ಲಸಿಕೆ ಇಲ್ಲ.

ಎಂಜಲ ಸೂತಕ

ಈಗ ಧರ್ಮದ ಮಾತಿಗೆ ಬರುತ್ತೇವೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಶರಣರು ಅಲ್ಲಗಳೆದರೆಂದು ನಾವು ಮಕ್ಕಳಿಗೆ ಲಿಂಗದೀಕ್ಷೆಯ ದಿನವೇ ಕಲಿಸುತ್ತೇವೆ. ಆದರೆ ಆ ಹಿರಿಯರ ಮನೆಯಲ್ಲಿ ಏನು ನಡೆಯಿತು? ಅವರ ಗಂಗಾಳ ಬೇರೆ, ಚರಿಗೆ ಬೇರೆ, ಹಾಸಿಗೆ ಬೇರೆ ಆಗಿತ್ತು. ಯಾರೂ ಹೇಳಿ ಮಾಡಿದ್ದಲ್ಲ. ಅವರೇ ಅಂಜಿ ಮಾಡಿಕೊಂಡದ್ದು, ಮನೆಯವರು ಬೇಡ ಎನ್ನಲಿಲ್ಲ. 14 ವರ್ಷ ಒಬ್ಬ ಲಿಂಗವಂತ ತನ್ನ ಮನೆಯಲ್ಲಿಯೇ ಎಂಜಲ ಸೂತಕ ಹೊತ್ತುಕೊಂಡು ಉಂಡರು.

ಹೆಪಟೈಟಿಸ್ ಸಿ ಎಂಜಲಿನಿಂದ ಬರುವುದಿಲ್ಲ. ಒಂದೇ ತಾಟಿನಲ್ಲಿ ಉಂಡರೆ, ಒಂದೇ ಚರಿಗೆಯ ನೀರು ಕುಡಿದರೆ, ಪ್ರಸಾದ ಹಂಚಿಕೊಂಡರೆ, ಮಗುವನ್ನು ಅಪ್ಪಿಕೊಂಡರೆ, ಪಕ್ಕದಲ್ಲಿ ಕೆಮ್ಮಿದರೆ ಬರುವುದಿಲ್ಲ. ಪಾದೋದಕ ಪ್ರಸಾದಗಳಿಗೆ, ಪಂಕ್ತಿಗೆ, ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಕೂಡಿ ಭಜ್ಜಿ, ಅಂಬಲಿ ಸವಿಯುವುದಕ್ಕೆ ಇದರಿಂದ ಯಾವ ಅಡ್ಡಿಯೂ ಇಲ್ಲ. ಬೇರೆ ಇಡಬೇಕಾದದ್ದು ಕ್ಷೌರದ ಬ್ಲೇಡು, ಹಲ್ಲುಜ್ಜುವ ಬ್ರಶ್ಶು, ಉಗುರು ತೆಗೆಯುವ ಸಾಧನ, ಸಕ್ಕರೆ ರೋಗದವರು ಬೆರಳು ಚುಚ್ಚುವ ಸೂಜಿ. ಇಷ್ಟೇ. ನಾವು ಬೇರೆ ಇಡಬೇಕಾದ್ದನ್ನು ಕೂಡಿಸಿ, ಕೂಡಿಸಬೇಕಾದ್ದನ್ನು ಬೇರೆ ಇಟ್ಟೆವು.

ಇನ್ನು ಕೆಲವರು ಇದು ಪೂರ್ವಕರ್ಮ, ಅನುಭವಿಸಿ ತೀರಿಸಬೇಕು ಎನ್ನುತ್ತಾರೆ. ಶರಣರ ಬಳಗದಲ್ಲಿ ವೈದ್ಯ ಸಂಗಣ್ಣ ಎಂಬ ಶರಣರಿದ್ದರು. ವೈದ್ಯವೇ ಅವರ ಕಾಯಕ. ಔಷಧ ಕೊಡುವುದನ್ನು ಕಾಯಕವೆಂದು ಒಪ್ಪಿಕೊಂಡ ಧರ್ಮದಲ್ಲಿ ಔಷಧ ತೆಗೆದುಕೊಳ್ಳುವುದು ಹೇಗೆ ತಪ್ಪಾದೀತು? ಇಷ್ಟಲಿಂಗವನ್ನು ಎದೆಯ ಮೇಲೆ ಧರಿಸುವ ನಾವು ಈ ಶರೀರವನ್ನು ಶಿವನ ನಿವಾಸವೆಂದು ತಿಳಿದವರು. ಗುಡಿಯ ಮಾಳಿಗೆ ಸೋರಿದರೆ ನಾಳೆ ನೋಡೋಣವೆಂದು ಬಿಡುವ ಭಕ್ತರು ನಮ್ಮಲ್ಲಿಲ್ಲ, ಜಾತ್ರೆಗೆ ಮೊದಲೇ ಪಟ್ಟಿ ಎತ್ತುತ್ತೇವೆ. ಈ ಶರೀರದ ವಿಷಯದಲ್ಲಿ ಮಾತ್ರ 14 ವರ್ಷ ತಡ ಮಾಡುತ್ತೇವೆ.

ಕಾಲ ಬದಲಾಗಿದೆ

2009ರಲ್ಲಿ ಆ ಹಿರಿಯರಿಗೆ ಪಟ್ಟಣದಲ್ಲಿ ಹೇಳಿದ ಮಾತು ಅಂದಿಗೆ ಸುಳ್ಳಾಗಿರಲಿಲ್ಲ. ಅಂದಿನ ಔಷಧ ದುಬಾರಿ, ಜ್ವರ, ನಿಶ್ಶಕ್ತಿ, ಮನಸ್ಸಿನ ಕುಗ್ಗು ತರುವಂಥದ್ದು. ಎಷ್ಟೋ ರೋಗಿಗಳಲ್ಲಿ ಅದರಿಂದ ಗುಣವೂ ಆಗುತ್ತಿರಲಿಲ್ಲ. ಆ ಮಾತು ಇಂದು ಹಳೆಯದಾಗಿದೆ ಎಂಬುದೇ ನಾವು ಮುಖ್ಯವಾಗಿ ಹೇಳಬೇಕಾದದ್ದು. 2013ರ ಕೊನೆಗೆ ಅಮೇರಿಕದಲ್ಲಿ ಸೋಫೋಸ್ಬುವಿರ್ ಎಂಬ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ಅಲ್ಲಿ ಅಂದು ಒಂದು ಮಾತ್ರೆಗೆ ಸಾವಿರ ಡಾಲರ್ ಬೆಲೆ. 2014ರಲ್ಲಿ ಭಾರತದ ಕಂಪನಿಗಳಿಗೆ ಅದನ್ನು ತಯಾರಿಸುವ ಪರವಾನಗಿ ದೊರೆತು, 2015ರಿಂದ ನಮ್ಮಲ್ಲಿ ಅದರ ಬೆಲೆ ಬಹಳ ಇಳಿಯಿತು. ಪಂಜಾಬ ಸರ್ಕಾರ 2016ರಲ್ಲಿಯೇ ತನ್ನ ಜನರಿಗೆ ಪುಕ್ಕಟೆ ಕೊಡತೊಡಗಿತು. 28 ಜುಲೈ 2018ರಂದು ಕೇಂದ್ರ ಸರ್ಕಾರವು ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಇದರಲ್ಲಿ ಪರೀಕ್ಷೆಯೂ ಔಷಧವೂ ಪುಕ್ಕಟೆ.

ಸೂಜಿ ಇಲ್ಲ. ದಿನಕ್ಕೊಮ್ಮೆ ಮಾತ್ರೆ, ಸಾಮಾನ್ಯವಾಗಿ 12 ವಾರ, ಅಂದರೆ 84 ದಿನ. ಯಕೃತ್ತು ಹೆಚ್ಚು ಕೆಟ್ಟವರಿಗೆ ವೈದ್ಯರು ಔಷಧ ಬದಲಿಸಬಹುದು, 24 ವಾರಕ್ಕೆ ಏರಿಸಬಹುದು. ಪೂರ್ತಿ ತೆಗೆದುಕೊಂಡ ನೂರರಲ್ಲಿ 95ಕ್ಕೂ ಹೆಚ್ಚು ಜನರಿಗೆ ವೈರಾಣು ಹೋಗುತ್ತದೆ. ಮಾತ್ರೆ ಮುಗಿದು 12 ವಾರ ಕಳೆದ ಮೇಲೆ ಇನ್ನೊಂದು ರಕ್ತ ಪರೀಕ್ಷೆ ಮಾಡಿ, ಅದರಲ್ಲಿ ವೈರಾಣು ಇಲ್ಲವಾದರೆ ಗುಣವಾಯಿತೆಂದು ಬರೆದುಕೊಡುತ್ತಾರೆ. ಸಾಲ ಮನ್ನಾ ಆಗಿದೆ ಎಂದು ತಿಳಿಯದೆ ಸಾಹುಕಾರನ ಓಣಿ ತಪ್ಪಿಸಿ ಓಡಾಡುವ ರೈತನ ಹಾಗೆ ಇಂದು ಎಷ್ಟೋ ಜನ ಹಳೆಯ ಕಾಗದ ಮುಚ್ಚಿಟ್ಟುಕೊಂಡು ಬದುಕುತ್ತಿದ್ದಾರೆ. ಅಂಥವರನ್ನು ಹುಡುಕಿ ಈ ಸುದ್ದಿ ಮುಟ್ಟಿಸಬೇಕಾಗಿದೆ.

ನೆದರ್‌ಲ್ಯಾಂಡ್ ದೇಶದಲ್ಲಿ ಆಸ್ಪತ್ರೆಗಳವರೇ ಈ ಕೆಲಸ ಮಾಡಿದರು. ಹಿಂದಿನ ವರ್ಷಗಳ ಪ್ರಯೋಗಾಲಯದ ಕಡತಗಳನ್ನು ತೆಗೆದು, ರೋಗ ಕಂಡೂ ಚಿಕಿತ್ಸೆ ಇಲ್ಲದೆ ಹೋದವರ ಹೆಸರು ಹುಡುಕಿ, ಔಷಧ ಬಂದಿದೆ ಮರಳಿ ಬನ್ನಿರೆಂದು ಅವರನ್ನು ಕರೆದರು. ಈಜಿಪ್ಟಿನವರು ತಮ್ಮ ಹಳೆಯ ತಪ್ಪನ್ನು ತಿದ್ದಿಕೊಳ್ಳಲು 2018ರ ಅಕ್ಟೋಬರದಿಂದ 2019ರ ಏಪ್ರಿಲದವರೆಗೆ, ಏಳು ತಿಂಗಳಲ್ಲಿ, ಸುಮಾರು 5 ಕೋಟಿ ಜನರ ಪರೀಕ್ಷೆ ಮಾಡಿದರು. ಕಡತಗಳು ಇಲ್ಲದ, ಇದ್ದರೂ ಎರಡು ರಾಜ್ಯಗಳ ನಡುವೆ ಹಂಚಿಹೋದ ನಮ್ಮಂಥ ಗಡಿಯ ಜನರಿಗೆ ಕರೆಯುವವರು ಯಾರು? ಊರಲ್ಲಿ ಯಾರು ಪಂಕ್ತಿಗೆ ಬರುವುದನ್ನು ಬಿಟ್ಟರು ಎಂಬುದು ಯಾವ ಆಸ್ಪತ್ರೆಯ ಕಡತದಲ್ಲಿಯೂ ಇರುವುದಿಲ್ಲ. ಅದು ಮಠಕ್ಕೆ ತಿಳಿದಿರುತ್ತದೆ, ನೆರೆಹೊರೆಗೆ ತಿಳಿದಿರುತ್ತದೆ.

ಮರಳಿ ಬಂದ ಇಬ್ಬರು

ಹಿರಿಯರ ಸಂಗತಿ ತಿಳಿದ ಮೇಲೆ ನಾವು ಹೆಸರೆತ್ತದೆ ಗೋಷ್ಠಿಯೊಂದರಲ್ಲಿ ಈ ಮಾತು ಪ್ರಸ್ತಾಪಿಸಿದೆವು. ಎಂಟು ದಿನ ಬಿಟ್ಟು ಒಬ್ಬ ತಾಯಿ ಬಂದರು. 2014ರಲ್ಲಿ ಎರಡನೆಯ ಹೆರಿಗೆಯ ಕಾಲಕ್ಕೆ ರಕ್ತದಲ್ಲಿ ರೋಗ ಕಂಡಿತ್ತು. ಹೆರಿಗೆ ಆಯಿತು, ಕೂಸು ಚೆನ್ನಾಗಿತ್ತು, ಎಲ್ಲರೂ ಮರೆತರು. ಅತ್ತೆ ಮಾತ್ರ ಮರೆಯಲಿಲ್ಲ. ರೊಟ್ಟಿ ಬಡಿಯಲು ಬಿಡಲಿಲ್ಲ. ಆ ತಾಯಿಗೆ ಆಸ್ಪತ್ರೆಗಿಂತ ಹೆಚ್ಚಿನ ಅಂಜಿಕೆ ಅಲ್ಲಿಯ ಮರಾಠಿ ಫಾರ್ಮಿನದು. ತುಂಬಲು ಬರುವುದಿಲ್ಲ, ಕೇಳಲು ನಾಚಿಕೆ. ನಮ್ಮ ಅಕ್ಕನ ಬಳಗದ ಒಬ್ಬ ಸದಸ್ಯೆ ಜೊತೆಗೆ ಹೋದರು. ತಾಲೂಕಿನ ಸರ್ಕಾರಿ ಆಸ್ಪತ್ರೆಯಿಂದ ಚೀಟಿ ಪಡೆದು ಜಿಲ್ಲೆಗೆ ಹೋದರು. ರಕ್ತ ತೆಗೆದರು, ಹೊಟ್ಟೆಯ ಸೋನೋಗ್ರಾಫಿ ಮಾಡಿದರು, ಮಾತ್ರೆ ಕೊಟ್ಟರು. ನಾಲ್ಕಾರು ಸಲ ಬಸ್ಸಿನ ಖರ್ಚು, ಅಷ್ಟೇ ದಿನಗಳ ಕೂಲಿ ಹೋಯಿತು. ಬೇರೆ ಖರ್ಚು ಬರಲಿಲ್ಲ. ವೈರಾಣು ಹೋಯಿತು. ಮಕ್ಕಳಿಬ್ಬರ ಪರೀಕ್ಷೆಯೂ ಆಯಿತು, ಇಬ್ಬರಿಗೂ ರೋಗವಿಲ್ಲ. ಮುಂದಿನ ಎಳ್ಳ ಅಮಾವಾಸ್ಯೆಗೆ ಅವರ ಹೊಲದಲ್ಲಿ ಅಂಬಲಿ ಬಡಿಸಿದವರು ಆ ಸೊಸೆಯೇ. ಅತ್ತೆ ಮೊದಲು ಕೈ ಒಡ್ಡಿದರು ಎಂದು ಕೇಳಿ ಅಪ್ಪಗಳು ಸಂತೋಷಪಟ್ಟರು.

ಇನ್ನೊಬ್ಬರು ಒಕ್ಕಲುತನದವರು. ಅಪೆಂಡಿಕ್ಸಿನ ಶಸ್ತ್ರಕ್ರಿಯೆಗೆ ಮೊದಲು ಮಾಡಿದ ಪರೀಕ್ಷೆಯಲ್ಲಿ ರೋಗದ ಗುರುತು ಕಂಡು 11 ವರ್ಷವಾಗಿತ್ತು. ಈ ಭಯದಿಂದ ಮಗನ ಸಂಬಂಧ ಕೇಳಲು ಬಂದವರಿಗೂ ಮುಖ ತೋರಿಸಿರಲಿಲ್ಲ. ಅವರಿಗೆ ವೈರಾಣುವಿನ ನೇರ ಪರೀಕ್ಷೆ ಮಾಡಿದಾಗ ಮೈಯಲ್ಲಿ ವೈರಾಣುವೇ ಇರಲಿಲ್ಲ. ಮೊದಲ ಪರೀಕ್ಷೆ ತೋರಿಸುವುದು ರೋಗ ಎಂದಾದರೂ ಮೈ ಹೊಕ್ಕಿತ್ತೇ ಎಂಬ ಗುರುತನ್ನು ಮಾತ್ರ. ಆ ಗುರುತು ಗುಣವಾದ ಮೇಲೂ ಉಳಿಯುತ್ತದೆ. ಈಗ ವೈರಾಣು ಇದೆಯೇ ಎಂದು ತಿಳಿಯಲು ಆರ್‌ಎನ್‌ಎ ಎಂಬ ಎರಡನೆಯ ಪರೀಕ್ಷೆ ಬೇಕು. ಇವರ ಮೈ ತಾನಾಗಿ ರೋಗವನ್ನು ಹೊರಹಾಕಿತ್ತು. 11 ವರ್ಷ ಇಲ್ಲದ ರೋಗಕ್ಕೆ ಅಂಜಿ ಬದುಕಿದ್ದರು. ವೈದ್ಯರು ಈ ಮಾತು ಹೇಳಿದಾಗ ಆಸ್ಪತ್ರೆಯ ಕಟ್ಟೆಯ ಮೇಲೆ ಕುಳಿತು ಸಣ್ಣ ಮಕ್ಕಳಂತೆ ಅತ್ತರು. ನಾವು ಪಕ್ಕದಲ್ಲಿದ್ದೆವು.

ಭಕ್ತರು ಮಾಡಬೇಕಾದದ್ದು

ಹಳೆಯ ಕಾಗದ ಇದ್ದವರು ಅದನ್ನು ಹೊರಗೆ ತೆಗೆಯಬೇಕು. ಕಳೆದುಹೋಗಿದ್ದರೂ ಚಿಂತೆಯಿಲ್ಲ, ಪರೀಕ್ಷೆ ಹೊಸದಾಗಿ ಆಗುತ್ತದೆ. ಆಧಾರ ಕಾರ್ಡು ಜೊತೆಗಿರಲಿ. ತಾಲೂಕಿನ ಸರ್ಕಾರಿ ಆಸ್ಪತ್ರೆಯಲ್ಲಿ, ಇಲ್ಲವೇ ನೇರವಾಗಿ ಜಿಲ್ಲೆಯ ಸರ್ಕಾರಿ ಆಸ್ಪತ್ರೆ ಅಥವಾ ವೈದ್ಯಕೀಯ ಕಾಲೇಜಿನಲ್ಲಿ, ಹೆಪಟೈಟಿಸ್ ಚಿಕಿತ್ಸಾ ಕೇಂದ್ರ ಎಲ್ಲಿದೆ ಎಂದು ಕೇಳಬೇಕು. ಲಾತೂರು, ಸೊಲ್ಲಾಪುರ, ಬೀದರ, ಕಲಬುರ್ಗಿ ನಾಲ್ಕೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಇದು ಕೇಂದ್ರದ ಕಾರ್ಯಕ್ರಮವಾದುದರಿಂದ ಮಹಾರಾಷ್ಟ್ರದಲ್ಲಿಯೂ ಕರ್ನಾಟಕದಲ್ಲಿಯೂ ನಡೆಯುತ್ತಿದೆ. ಒಂದು ಕಡೆ ಆರಂಭಿಸಿದರೆ ಅಲ್ಲಿಯೇ ಮುಗಿಸುವುದು ಲೇಸು.

ಅಂಗಡಿಯಿಂದ ಮಾತ್ರೆ ತಂದು ತಾವೇ ನುಂಗಬಾರದು. ಮೊದಲು ಬಿ ಬಗೆಯ ಪರೀಕ್ಷೆಯೂ ಆಗಬೇಕು, ಏಕೆಂದರೆ ಎರಡೂ ಇದ್ದವರಿಗೆ ಸಿ ಹೋಗುವಾಗ ಬಿ ಕೆರಳುವುದುಂಟು. ಬೇರೆ ರೋಗಗಳಿಗೆ ತೆಗೆದುಕೊಳ್ಳುವ ಮಾತ್ರೆಗಳ ಹೆಸರನ್ನು, ನಾಟಿ ಔಷಧವನ್ನೂ ಸೇರಿಸಿ, ವೈದ್ಯರಿಗೆ ಹೇಳಬೇಕು. ಬಸಿರಿಯರು ಯಾವಾಗ ಆರಂಭಿಸಬೇಕೆಂದು ವೈದ್ಯರನ್ನೇ ಕೇಳಬೇಕು. ಮೈ ಹಗುರಾಯಿತೆಂದು ನಡುವೆ ಬಿಡಬಾರದು. ಮದ್ಯ ಯಕೃತ್ತಿಗೆ ಎರಡನೆಯ ಶತ್ರು. ಮಠದ ಭಕ್ತರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇವೆ. ವೈರಾಣು ಹೋದ ಮೇಲೂ ಯಕೃತ್ತು ಮೊದಲೇ ಗಡಸಾಗಿದ್ದವರು ಆರು ತಿಂಗಳಿಗೊಮ್ಮೆ ತೋರಿಸಿಕೊಳ್ಳುತ್ತಿರಬೇಕು. ಒಮ್ಮೆ ಗುಣವಾದವರಿಗೆ ಕೆಟ್ಟ ಸೂಜಿಯಿಂದ ಮತ್ತೆ ಹತ್ತಲೂಬಹುದು. ಆದುದರಿಂದ ಪ್ರತಿ ಸಲ ಹೊಸ ಸೂಜಿ ಕಣ್ಣೆದುರಿಗೆ ಒಡೆಯುವಂತೆ ಕೇಳುವುದಕ್ಕೆ ಸಂಕೋಚ ಬೇಡ.

ಮಠದ ವತಿಯಿಂದ ಅಪ್ಪಗಳು ಮೂರು ವಿಷಯ ನಿರ್ಣಯಿಸಿದ್ದಾರೆ. ಒಂದು, ಇನ್ನು ಮುಂದೆ ಮಠದಲ್ಲಿ ರಕ್ತದಾನದ ಶಿಬಿರ ನಡೆದರೆ, ಫಲಿತಾಂಶದ ಕಾಗದ ಬಂದವರಿಗೆ ಮುಂದಿನ ದಾರಿ ಹೇಳಲು ರಕ್ತನಿಧಿಯವರೊಡನೆ ಮೊದಲೇ ಮಾತಾಗಬೇಕು. ಎರಡು, ಆಸ್ಪತ್ರೆಗೆ ಒಂಟಿಯಾಗಿ ಹೋಗಲು ಅಂಜುವವರ ಜೊತೆಗೆ ಮರಾಠಿ ಬಲ್ಲ ಒಬ್ಬರು ಹೋಗಬೇಕು, ಬಸ್ಸಿನ ಖರ್ಚು ಇಲ್ಲದವರಿಗೆ ದಾಸೋಹ ನಿಧಿಯಿಂದ ಕೊಡಬೇಕು. ಮೂರು, ಯಾರ ಹೆಸರನ್ನೂ ಎಲ್ಲಿಯೂ ಬರೆದಿಡಬಾರದು. ಲೆಕ್ಕದಲ್ಲಿ ಬಸ್ ಖರ್ಚು ಎಂದಷ್ಟೇ ಇರುತ್ತದೆ. ಲೆಕ್ಕ ಬರೆಯುವವರು ನಾವೇ ಆದುದರಿಂದ ಈ ಮಾತಿಗೆ ನಾವು ಹೊಣೆ.

ರೋಗವಿಲ್ಲದ ಭಕ್ತರಿಗೂ ಒಂದು ಕೆಲಸವಿದೆ. ನಿಮ್ಮ ಓಣಿಯಲ್ಲಿ, ನಿಮ್ಮ ಅಡತಿ ಸಾಲಿನಲ್ಲಿ, ಮೊದಲು ಬರುತ್ತಿದ್ದು ಈಗ ಪಂಕ್ತಿಗೆ ಬಾರದವರು ಯಾರಿದ್ದಾರೆಂದು ಒಮ್ಮೆ ನೆನಪು ಮಾಡಿಕೊಳ್ಳಿರಿ. ರೋಗವಿದೆಯೇ ಎಂದು ಕೇಳಬೇಡಿರಿ. ಯಾಕೆ ಬರುತ್ತಿಲ್ಲ, ಬನ್ನಿರಿ, ಕೂಡಿ ಕುಳಿತು ಉಣ್ಣೋಣ ಎಂದು ಕರೆಯಿರಿ. ಈ ಪತ್ರಿಕೆಯನ್ನು ಅವರ ಮನೆಯಲ್ಲಿ ಬಿಟ್ಟು ಬನ್ನಿರಿ. ಅಷ್ಟು ಸಾಕು.

ಆ ಹಿರಿಯರ ಕಾಗದವನ್ನು ಅವರ ಮಗ ನಮ್ಮ ಬಳಿಯೇ ಇಡಲು ಹೇಳಿದರು. ಮಠದ ಲೆಕ್ಕದ ಪೆಟ್ಟಿಗೆಯಲ್ಲಿದೆ. ವರ್ಷದ ಕೊನೆಗೆ ಜಮಾ ಖರ್ಚು ತಾಳೆ ನೋಡುವಾಗ ಅದು ಕೈಗೆ ಸಿಗುತ್ತದೆ. ಎಲ್ಲ ಬಾಕಿಗಳೂ ತೀರಿದ ವರ್ಷದಲ್ಲಿಯೂ ಅದು ತೀರುವುದಿಲ್ಲ. ಇನ್ನೊಂದು ಮನೆಯಲ್ಲಿ ಅಂಥ ಕಾಗದ ಮಡಚಿದ್ದು ಮಡಚಿದಂತೆಯೇ ಉಳಿಯದಿರಲಿ ಎಂದು ಗುರು ಬಸವಣ್ಣನವರಲ್ಲಿ ಬೇಡಿಕೊಂಡು ಈ ಬಿನ್ನಹವನ್ನು ಮುಗಿಸುತ್ತೇವೆ.

ಶರಣು ಶರಣಾರ್ಥಿ.

ಕಾರ್ಯದರ್ಶಿ, ಶ್ರೀಮಠ